ಎರಡನೇ ಬಾಣಂತನ ಎಲ್ಲಿ? ದೊಡ್ಡವನನ್ನು ಏನು ಮಾಡೋದು?

ಗುಂಡನ ಅಮ್ಮ

ನನಗೀಗ ಆರನೇ ತಿಂಗಳು. ಡ್ಯೂ ಡೇಟ್ ಜುಲೈ ಮೊದಲ ವಾರ. ದೊಡ್ಡವನು ಗುಂಡ, ಎರಡು ವರ್ಷ ದಾಟಿದೆ. ಪೂರ್ತಿ ಕಥೆ ಹೇಳದೆ ಯಾರಿಗೂ ಉತ್ತರ ಕೊಡಲು ಆಗಲ್ಲ. ಉದ್ದವಾದರೆ ಬೈಯಬೇಡಿ.

ಮೊದಲ ಸಲ ಯೋಚನೆ ಮಾಡುವ ಕೆಲಸವೇ ಇರಲಿಲ್ಲ. ಏಳನೇ ತಿಂಗಳಲ್ಲಿ ಸೀಮಂತ ಆಯಿತು. ಅಮ್ಮ ಬಂದು ಅರಸೀಕೆರೆಗೆ ಕರೆದುಕೊಂಡು ಹೋದರು. ಮಗುವಿಗೆ ಐದು ತಿಂಗಳಾದ ಮೇಲೆ ಬೆಂಗಳೂರಿಗೆ ವಾಪಸ್ ಬಂದೆ. ನಡುವೆ ನಾನು ಮಾಡಿದ್ದು ಉಣ್ಣೋದು, ಮಲಗೋದು, ಹಾಲು ಕುಡಿಸೋದು ಅಷ್ಟೇ.

ಈ ಸಲವೂ ಎಲ್ಲರ ತಲೆಯಲ್ಲಿ ಅದೇ ಇದೆ. "ಜೂನಲ್ಲಿ ಬಂದ್ಬಿಡು" ಅಂತ ಅಮ್ಮ. "ಎರಡನೇದು ಗಂಡನ ಮನೇಲಿ ಮಾಡೋದು ನಮ್ಮ ಕಡೆ ಪದ್ಧತಿ" ಅಂತ ರಾಣೆಬೆನ್ನೂರಿನ ದೊಡ್ಡತ್ತೆ. ಯಾವ ಕೋಣೆ, ನೀರು ಕಾಯಿಸೋರು ಯಾರು, ಮೆಣಸು ಎಷ್ಟು, ಮೆಂತ್ಯ ಎಷ್ಟು, ಎಲ್ಲ ಚರ್ಚೆ ಆಗಿದೆ. ಗುಂಡ ಎಲ್ಲಿ ಮಲಗುತ್ತಾನೆ ಅಂತ ಒಬ್ಬರೂ ಕೇಳಿಲ್ಲ. ಅವನಿಗೆ ನನ್ನ ಕಿವಿ ಹಿಡಿದುಕೊಂಡರೇ ನಿದ್ದೆ. ಅದೂ ಎಡಗಿವಿ. ಬಲಗಿವಿ ಕೊಟ್ಟರೆ ಕಣ್ಣು ಮುಚ್ಚಿಕೊಂಡೇ "ಇದಲ್ಲ" ಅನ್ನುತ್ತಾನೆ.

ಈಗ ಮೂರು ದಾರಿ ಇದೆ. ಅವನನ್ನೂ ಕರೆದುಕೊಂಡು ಅರಸೀಕೆರೆಗೆ ಹೋಗೋದು. ಆದರೆ ಅಮ್ಮನಿಗೆ ಮಂಡಿ ನೋವು, ಬಿಪಿ. ಅವನೋ ಗೇಟ್ ತೆರೆದಿದ್ದರೆ ಸೀದಾ ರೋಡಿಗೆ. ಅವನನ್ನು ಅಪ್ಪನ ಹತ್ತಿರ ಬಿಟ್ಟು ನಾನೊಬ್ಬಳೇ ಹೋಗೋದು ಇನ್ನೊಂದು. ಇದನ್ನು ಬರೆಯುವಾಗಲೇ ಹೊಟ್ಟೆ ಕಿವುಚುತ್ತೆ. ಮೂರನೇದು ಎಲ್ಲರೂ ಬೆಂಗಳೂರಲ್ಲೇ ಇರೋದು. ಇಲ್ಲಿ ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಗಂಡನ ಕಂಪನಿಯಲ್ಲಿ ಕೆಲವೇ ದಿನ ರಜೆ. ಮೊದಲನೇದು ಸಿಸೇರಿಯನ್ ಬೇರೆ. ಈ ಸಲ ನಾರ್ಮಲ್‌ಗೆ ನೋಡಬಹುದು, ಒಂಬತ್ತನೇ ತಿಂಗಳಲ್ಲಿ ಹೇಳುತ್ತೇವೆ ಅಂದಿದ್ದಾರೆ. ಪ್ಲೇ ಹೋಮ್ ಜೂನ್‌ಗೆ ಶುರು. ಸೇರಿಸೋದಾ ಬೇಡವಾ, ಅದೂ ಗೊತ್ತಾಗುತ್ತಿಲ್ಲ.

ಎರಡು ಮಕ್ಕಳ ನಡುವೆ ಅಂತರ ಕಡಿಮೆ ಇದ್ದವರು ನೀವೇನು ಮಾಡಿದಿರಿ, ಸ್ವಲ್ಪ ಹೇಳಿ.

ಎರಡು ಜಡೆ

ನಿಮ್ಮ ಪೋಸ್ಟ್ ಓದಿ ನನ್ನ ಕಿವಿಯೂ ನೋವಾಯಿತು. ನನ್ನ ದೊಡ್ಡವಳಿಗೆ ಕೂದಲು ಬೇಕಿತ್ತು.

ನನಗೆ ಇಬ್ಬರೂ ಹೆಣ್ಣುಮಕ್ಕಳು, ಎರಡೂವರೆ ವರ್ಷದ ಅಂತರ. ನಾನು ದೊಡ್ಡವಳನ್ನು ಕರೆದುಕೊಂಡೇ ತವರಿಗೆ ಹೋದೆ, ಚನ್ನರಾಯಪಟ್ಟಣಕ್ಕೆ. ಮೊದಲ ವಾರ ಹಬ್ಬ. ಅಜ್ಜ, ಹಿತ್ತಲು, ಕರು, ಪಕ್ಕದ ಮನೆ ಮಕ್ಕಳು. ಆಮೇಲೆ "ನಮ್ಮನೆಗೆ ಹೋಗೋಣ" ಶುರುವಾಯಿತು. ದೊಡ್ಡವರಿಗೆ ಅದು ತವರು ಮನೆ, ಅವಳಿಗೆ ಅದು ಬೇರೆಯವರ ಮನೆ. ಅಪ್ಪ ಶನಿವಾರ ಬಂದು ಭಾನುವಾರ ಹೊರಟರೆ ಸೋಮವಾರವಿಡೀ ರಚ್ಚೆ. ಅಷ್ಟರಲ್ಲಿ ಪಾಪು ಬಂತು. ಅವಳ ಲೆಕ್ಕದಲ್ಲಿ ಪಾಪು ಬಂದಿದ್ದಕ್ಕೇ ಮನೆಯೂ ಹೋಯಿತು, ಅಪ್ಪನೂ ಹೋದ, ಅಮ್ಮನ ಮಂಚವೂ ಹೋಯಿತು.

ಬಾಣಂತನ ಚೆನ್ನಾಗಿ ಆಯಿತು, ಇಲ್ಲ ಅನ್ನಲ್ಲ. ಅಮ್ಮ ಬಾಣಲೆಗಟ್ಟಲೆ ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡಿ ಹಾಕಿದರು. ಆದರೆ ನಾನು ಪಕ್ಕದ ಕೋಣೆಯಲ್ಲಿ ಅವಳು ಅಳೋದನ್ನು ಕೇಳಿಸಿಕೊಂಡೇ ಊಟ ಮಾಡಿದ್ದು. ಈಗ ಕೇಳಿದರೆ ನನ್ನ ಮತ ಮೂರನೇ ದಾರಿಗೆ.

ಮೊಮ್ಮಕ್ಕಳ ಅಜ್ಜಿ

ನಾನು ನಿಮ್ಮ ಅಮ್ಮನ ವಯಸ್ಸಿನವಳು ಕಣಮ್ಮ. ಅವರ ಕಡೆಯಿಂದ ಒಂದು ಮಾತು ಹೇಳುತ್ತೇನೆ.

ನನ್ನ ಮಗಳ ಎರಡೂ ಬಾಣಂತನ ನಾನೇ ಮಾಡಿದ್ದು. ಮೊದಲನೇದು ಕಷ್ಟ ಅನ್ನಿಸಲೇ ಇಲ್ಲ. ಎರಡನೇದರಲ್ಲಿ ಎಳೆ ಮಗು, ಬಾಣಂತಿ ಇಬ್ಬರನ್ನೂ ನೋಡಿಕೊಂಡುಬಿಟ್ಟೆ. ಆ ಮೂರು ವರ್ಷದ ಮೊಮ್ಮಗನ ಹಿಂದೆ ಓಡೋಕೆ ಮಾತ್ರ ನನ್ನ ಕೈಲಿ ಆಗಲಿಲ್ಲ. ನಿಮ್ಮಮ್ಮ ಬಾಯಿಬಿಟ್ಟು ಹೇಳಲ್ಲ. ಮಗಳು ತವರಿಗೆ ಬರ್ತೀನಿ ಅಂದಾಗ ಯಾವ ತಾಯಿ ಬೇಡ ಅಂತಾಳೆ? "ಜೂನಲ್ಲಿ ಬಂದ್ಬಿಡು" ಅಂತ ಹೇಳುವಾಗ ಅವರೂ ಹಳೇ ಬಾಣಂತನವನ್ನೇ ನೆನೆಸಿಕೊಂಡಿರುತ್ತಾರೆ. ಅವರನ್ನೇ ನೇರವಾಗಿ ಕೇಳು: "ಅಮ್ಮ, ಗುಂಡನ್ನ ಇಡೀ ದಿನ ಹಿಡಿಯೋಕೆ ನಿನ್ ಕೈಲಿ ಆಗುತ್ತಾ?" ಅಂತ. ಅಪ್ಪ ಎದುರಿಗಿಲ್ಲದಾಗ ಕೇಳು.

ಇನ್ನು ಪದ್ಧತಿ ಮಾತು. ಅದು ಒಂದೊಂದು ಮನೆಗೆ ಒಂದೊಂದು ಥರ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ಲೇಬರ್ ವಾರ್ಡ್ ಸಿಸ್ಟರ್

ಮನೆ ವಿಷಯ ನೀವೆಲ್ಲ ಮಾತಾಡಿ. ನಾನು ಆಸ್ಪತ್ರೆ ವಿಷಯ ಮಾತ್ರ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಅದೇ ಮೊದಲು ಬರಬೇಕು.

ಮೊದಲು ಸಿಸೇರಿಯನ್ ಆಗಿದೆ ಅಂದರೆ ಗರ್ಭಕೋಶದ ಮೇಲೆ ಹಳೇ ಗಾಯದ ಕಲೆ ಇದೆ. ನಾರ್ಮಲ್‌ಗೆ ಪ್ರಯತ್ನ ಮಾಡಬಹುದು, ಎಷ್ಟೋ ಜನರಿಗೆ ಆಗುತ್ತೆ. ಆದರೆ ಹೆರಿಗೆ ನೋವಿನಲ್ಲಿ ಆ ಕಲೆ ಬಿಟ್ಟುಕೊಳ್ಳುವ ಸಣ್ಣ ಅಪಾಯ ಇದ್ದೇ ಇದೆ. ಆದ್ದರಿಂದ ರಾತ್ರಿ ಎರಡು ಗಂಟೆಗೂ ತಕ್ಷಣ ಆಪರೇಷನ್ ಮಾಡುವ ಡಾಕ್ಟರ್, ಅರಿವಳಿಕೆ ಕೊಡುವವರು, ರಕ್ತ, ಎಲ್ಲ ಇರುವ ಕಡೆಯೇ ಹೆರಿಗೆ ಆಗಬೇಕು. ನಿಮ್ಮ ತವರಿನ ಹತ್ತಿರ ಅಂಥ ಆಸ್ಪತ್ರೆ ಎಷ್ಟು ದೂರ ಅಂತ ಮೊದಲು ನೋಡಿ. ಅರಸೀಕೆರೆಯಿಂದ ಹಾಸನ ನಲವತ್ತು ಕಿಲೋಮೀಟರ್ ಮೇಲಿದೆ, ಅಲ್ವಾ? ಎರಡನೇ ಹೆರಿಗೆ ಸಾಮಾನ್ಯವಾಗಿ ಮೊದಲನೇದಕ್ಕಿಂತ ಬೇಗ ಆಗುತ್ತೆ ಅನ್ನೋದೂ ನೆನಪಿರಲಿ. ಮೊದಲ ಸಲ ನೋವು ಬರುವ ಮುಂಚೆಯೇ ಆಪರೇಷನ್ ಆಗಿದ್ದರೆ ಆ ಲೆಕ್ಕ ನಿಮಗೆ ಪೂರ್ತಿ ಹೊಂದಲ್ಲ. ಆದರೂ ಕಾಯುತ್ತಾ ಕೂರಬೇಡಿ.

ಹಳೇ ಆಪರೇಷನ್ನಿನ ಡಿಸ್ಚಾರ್ಜ್ ಕಾಗದ ಹುಡುಕಿ ಫೈಲಿನಲ್ಲಿ ಇಡಿ. ಗರ್ಭಕೋಶಕ್ಕೆ ಯಾವ ಥರ ಕೊಯ್ದಿದ್ದಾರೆ ಅಂತ ಅದರಲ್ಲಿರುತ್ತೆ. ಹೊಟ್ಟೆ ಮೇಲಿನ ಗೆರೆ ನೋಡಿ ಅದನ್ನು ಹೇಳೋಕಾಗಲ್ಲ. ಮಾಸು (ಪ್ಲಾಸೆಂಟಾ) ಎಲ್ಲಿದೆ ಅಂತಲೂ ಸ್ಕ್ಯಾನಿಂಗ್ ರಿಪೋರ್ಟ್ ತೋರಿಸಿ ಕೇಳಿ. ಮೊದಲು ಸಿಸೇರಿಯನ್ ಆದವರಿಗೆ ಮಾಸು ಕೆಳಗಿದ್ದರೆ ಲೆಕ್ಕವೇ ಬೇರೆ.

ಗುಂಡನನ್ನು ಎತ್ತಬಹುದಾ ಅಂತ ನೀವು ಕೇಳಿಲ್ಲ, ಆದರೂ ಎಲ್ಲರೂ ಕೇಳೋದು ಅದನ್ನೇ. ಡಾಕ್ಟರ್ ಬೇಡ ಅಂದಿಲ್ಲ, ರಕ್ತ ಹೋಗುತ್ತಿಲ್ಲ ಅಂದರೆ ಆಗಾಗ ಎತ್ತಿಕೊಂಡರೆ ಏನೂ ಆಗಲ್ಲ. ಬಗ್ಗಿ ಎತ್ತಬೇಡಿ, ಮಂಡಿ ಮಡಚಿ ಕೂತು ಎತ್ತಿ. ಯಾವಾಗಲೂ ಒಂದೇ ಸೊಂಟದ ಮೇಲೆ ಕೂರಿಸಬೇಡಿ. ಮೆಟ್ಟಿಲ ಮೇಲೆ ಮಾತ್ರ ಅವನೇ ಹತ್ತಲಿ, ನೀವು ಕಂಬಿ ಹಿಡಿದುಕೊಳ್ಳಿ.

ಗುಂಡನ ಅಮ್ಮ

ಸಿಸ್ಟರ್, ಡಿಸ್ಚಾರ್ಜ್ ಕಾಗದ ಅಮ್ಮನ ಮನೆ ಬೀರುವಿನಲ್ಲಿದೆ ಅಂತ ಈಗ ನೆನಪಾಯಿತು. ಅಪ್ಪನಿಗೆ ಫೋಟೋ ಕಳಿಸೋಕೆ ಹೇಳಿದ್ದೇನೆ.

ಎಷ್ಟೋ ಜನ "ಎತ್ತಬೇಡ, ಎತ್ತಬೇಡ" ಅಂದು ಅವನ ಎದುರಿಗೇ ಬೈಯುತ್ತಾರೆ. ಅವನೂ ಅದನ್ನೇ ಕಲಿತು "ಪಾಪು ಇದೆ, ಎತ್ತಬೇಡ" ಅಂತ ತಾನೇ ಹೇಳಿಕೊಂಡು ಕೈ ಮಾತ್ರ ಮೇಲೆ ಚಾಚಿ ನಿಲ್ಲುತ್ತಾನೆ. ನೋಡೋಕಾಗಲ್ಲ.

ಎರಡು ಜಡೆ

ಅವನ ಎದುರಿಗೆ "ಪಾಪು ಇದೆ, ಅದಕ್ಕೆ ಎತ್ತಲ್ಲ" ಅನ್ನಬೇಡಿ. "ನಂಗೆ ಬೆನ್ನು ನೋವು, ಕೂತ್ಕೋತೀನಿ, ಬಾ ತೊಡೆ ಮೇಲೆ" ಅನ್ನಿ. ಎಲ್ಲ ತಪ್ಪನ್ನೂ ಹುಟ್ಟದಿರೋ ಮಗುವಿನ ತಲೆಗೆ ಕಟ್ಟಿದರೆ ಹುಟ್ಟಿದ ಮೇಲೆ ಅದು ಸರಿಯಾಗಿ ಅನುಭವಿಸುತ್ತೆ.

ನೈಟ್ ಡ್ಯೂಟಿ ಅಪ್ಪ

ಇಲ್ಲಿ ನಾನೊಬ್ಬನೇ ಗಂಡಸು ಅಂತ ಕಾಣುತ್ತೆ. ಇರಲಿ.

ಜಾಗದ ಪ್ರಶ್ನೆ ಆಮೇಲೆ. ಗುಂಡನನ್ನು ಮಲಗಿಸುವ ಕೆಲಸ ಅವನ ಅಪ್ಪನಿಗೆ ಈ ವಾರದಿಂದಲೇ ಬರಬೇಕು. ಆಸ್ಪತ್ರೆಯಲ್ಲಿ ನೀವು ಇರುವ ರಾತ್ರಿಗಳು ಹೇಗೂ ಬರುತ್ತವೆ. ಸಿಸೇರಿಯನ್ ಆದರೆ ಇನ್ನೂ ಜಾಸ್ತಿ. ಅವತ್ತು ಮೊದಲ ಸಲ ಅಪ್ಪನ ಪಕ್ಕ ಮಲಗು ಅಂದರೆ ಆ ಮಗು ಕೇಳಲ್ಲ.

ನಮ್ಮ ಮನೆಯಲ್ಲಿ ಹೆಂಡತಿಗೆ ಏಳನೇ ತಿಂಗಳು ಶುರುವಾದಾಗ ನಾನು ಈ ಕೆಲಸ ತೆಗೆದುಕೊಂಡೆ. ಸ್ನಾನ, ಮೊಸರನ್ನ, ಹಲ್ಲು, ಕಥೆ, ದೀಪ ಆರಿಸೋದು. ಎಲ್ಲ ನಾನೇ, ಅದೇ ಕ್ರಮದಲ್ಲಿ. ಮೊದಲ ಕೆಲವು ರಾತ್ರಿ ಅವನ ಅಳು ಕೇಳಿ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದ್ದರು. ಹೆಂಡತಿ ಬಾಗಿಲ ಆಚೆ ನಿಂತು ತಾನೂ ಅಳುತ್ತಿದ್ದಳು. ಕರೆಯೋಣ ಅಂತ ನನಗೂ ಅನ್ನಿಸಿತು, ಕರೆಯಲಿಲ್ಲ. ಮಗುವನ್ನು ಒಬ್ಬನೇ ಬಿಟ್ಟು ಅಳಿಸಿದ್ದಲ್ಲ, ನಾನು ಪಕ್ಕದಲ್ಲೇ ಇದ್ದೆ. ಆಮೇಲೆ ಅವನಿಗೆ ನನ್ನ ಗಡ್ಡ ಸಿಕ್ಕಿತು. ಈಗ ಶೇವ್ ಮಾಡಿಸಿಕೊಂಡರೆ ಮನೆಯಲ್ಲಿ ಗಲಾಟೆ.

ಒಂದು ವಿಷಯ. ಅಪ್ಪ ಮಲಗಿಸುವಾಗ ಅಮ್ಮ ಎದುರಿಗೆ ಬರಬಾರದು. "ಸರಿಯಾಗಿ ಹೊದಿಸಿದ್ರಾ?" ಅಂತ ಬಾಗಿಲಲ್ಲಿ ಇಣುಕಿದರೆ ಮುಗಿಯಿತು, ಮತ್ತೆ ಒಂದರಿಂದ ಶುರು.

ಟೀಚರಮ್ಮ

ಅಪ್ಪನ ಮಾತು ನೂರಕ್ಕೆ ನೂರು ಸರಿ.

ರಜೆ ಲೆಕ್ಕ ನಾನು ಹೇಳುತ್ತೇನೆ. ಗುಂಡನ ಅಮ್ಮ ಕೆಲಸದಲ್ಲಿದ್ದರೆ ಎರಡನೇ ಮಗುವಿಗೂ 26 ವಾರ ಸಂಬಳದ ಹೆರಿಗೆ ರಜೆ ಇದೆ. 2017ರ ತಿದ್ದುಪಡಿಯಲ್ಲಿ 12 ವಾರ ಇದ್ದಿದ್ದು 26 ಆಯಿತು. ಆಗಲೇ ಇಬ್ಬರು ಮಕ್ಕಳಿರುವವರಿಗೆ ಮಾತ್ರ 12. ಈ 26ರಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು. ಮುಂಚೆ ಕಡಿಮೆ ತೆಗೆದುಕೊಂಡರೆ ಆಮೇಲೆ ಜಾಸ್ತಿ ಉಳಿಯುತ್ತೆ. ನಾನಾದರೆ ಕೊನೆಯವರೆಗೂ ಕೆಲಸಕ್ಕೆ ಹೋಗಿ ಎಲ್ಲ ರಜೆಯನ್ನೂ ಮಗು ಬಂದ ಮೇಲೆ ಇಟ್ಟುಕೊಳ್ಳುತ್ತೇನೆ.

ಅಪ್ಪಂದಿರಿಗೆ ನಮ್ಮ ರಾಜ್ಯ ಸರ್ಕಾರಿ ನೌಕರಿಯಲ್ಲಿ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕಂಪನಿಗೆ ಕಾನೂನಿನ ಕಡ್ಡಾಯ ಇಲ್ಲ, ಕೊಟ್ಟರೆ ಉಂಟು. ನಿಮ್ಮವರು ಗಳಿಕೆ ರಜೆ ಈಗಿನಿಂದಲೇ ಕೂಡಿಸಿಡಲಿ.

ಎರಡು ಜಡೆ

ಟೀಚರಮ್ಮ, ಇದೊಂದಕ್ಕೆ ನಾನು ಒಪ್ಪಲ್ಲ. ಮುಂಚೆ ಒಂದು ತಿಂಗಳಾದರೂ ತೆಗೆದುಕೊಳ್ಳಲಿ. ಮಗು ಬಂದ ಮೇಲಿನ ರಜೆ ಮಗುವಿಗೆ ಹೋಗುತ್ತೆ. ದೊಡ್ಡವನಿಗೆ ಅಮ್ಮ ಪೂರ್ತಿಯಾಗಿ ಸಿಗೋದು ಆ ಒಂದು ತಿಂಗಳು ಮಾತ್ರ. ಒಂಬತ್ತನೇ ತಿಂಗಳಲ್ಲಿ ಬೆಂಗಳೂರು ಟ್ರಾಫಿಕ್ಕಿನಲ್ಲಿ ಬಸ್ ಹತ್ತಿ ಇಳಿದು, ಸಂಜೆ ಬಂದು ಆ ಮಗುವಿನ ಮೇಲೆ ರೇಗೋದಕ್ಕಿಂತ ಇದು ವಾಸಿ.

ಟೀಚರಮ್ಮ

ಮೂರು ತಿಂಗಳ ಮಗು ಬಿಟ್ಟು ಕೆಲಸಕ್ಕೆ ಹೋದವರಿಗೆ ಗೊತ್ತು ಆ ನಾಲ್ಕು ವಾರದ ಬೆಲೆ. ನನ್ನ ಮೊದಲ ಮಗುವಿನ ಕಾಲಕ್ಕೆ ನಾನು ಖಾಸಗಿ ಶಾಲೆಯಲ್ಲಿದ್ದೆ. ಆಗ ಇದ್ದಿದ್ದೇ 12 ವಾರ. ಅವರವರ ಅನುಕೂಲ ಬಿಡಿ.

ಪುತ್ತೂರಿನವಳು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದೂ ಇದೇ ಪರಿಸ್ಥಿತಿ, ಇನ್ನೂ ನಾಲ್ಕನೇ ತಿಂಗಳು. ಮಗಳಿಗೆ ಒಂದೂವರೆ ವರ್ಷ, ಎದೆಹಾಲು ಬಿಟ್ಟಿಲ್ಲ. "ಬಸುರಿ ಹಾಲು ಕುಡಿದರೆ ಮಗು ಸೊರಗುತ್ತೆ, ಬೇವಿನೆಲೆ ಅರೆದು ಹಚ್ಚು" ಅಂತ ಎಲ್ಲರೂ ಹೇಳುತ್ತಿದ್ದಾರೆ. ನಿಜವಾ?

ಲೇಬರ್ ವಾರ್ಡ್ ಸಿಸ್ಟರ್

ಹಾಲು ಕೆಡೋದಿಲ್ಲ, ವಿಷವೂ ಆಗಲ್ಲ. ಗರ್ಭ ಚೆನ್ನಾಗಿ ನಡೆಯುತ್ತಿದ್ದರೆ ಕುಡಿಸುವುದರಿಂದ ತೊಂದರೆ ಇಲ್ಲ. ಮೊದಲು ದಿನ ತುಂಬುವ ಮುಂಚೆ ಹೆರಿಗೆ ಆಗಿದ್ದರೆ, ರಕ್ತ ಕಾಣಿಸಿಕೊಂಡಿದ್ದರೆ, ಹೊಟ್ಟೆಯಲ್ಲಿ ಅವಳಿ ಇದ್ದರೆ ಡಾಕ್ಟರನ್ನು ಕೇಳಿಯೇ ಮುಂದುವರಿಸಿ. ನಾಲ್ಕು ಐದನೇ ತಿಂಗಳ ಹೊತ್ತಿಗೆ ಹಾಲು ತಾನಾಗೇ ಕಡಿಮೆಯಾಗುತ್ತೆ, ರುಚಿಯೂ ಬದಲಾಗುತ್ತೆ. ಎಷ್ಟೋ ಮಕ್ಕಳು ತಾವೇ ಬಿಡುತ್ತವೆ. ಒಂದೂವರೆ ವರ್ಷದ ಮಗುವಿಗೆ ಹೇಗೂ ಮುಖ್ಯ ಆಹಾರ ಅನ್ನ, ಬೇಳೆ, ಮೊಟ್ಟೆ, ರಾಗಿ. ಹೊಟ್ಟೆ ತುಂಬ ಅದು ಹೋಗಲಿ. ನೀವೂ ಎರಡು ಜೀವಕ್ಕಲ್ಲ, ಮೂರು ಜೀವಕ್ಕೆ ಊಟ ಮಾಡುತ್ತಿದ್ದೀರಿ, ಸರಿಯಾಗಿ ತಿನ್ನಿ.

ಬೇವಿನೆಲೆ ನಿಮ್ಮಿಷ್ಟ. ಬಿಡಿಸುವುದೇ ಆದರೆ ಈಗ ನಿಧಾನಕ್ಕೆ ಬಿಡಿಸಿ. ಹೆರಿಗೆಯ ವಾರದಲ್ಲಿ ಬೇಡ.

ಮೊಮ್ಮಕ್ಕಳ ಅಜ್ಜಿ

ಬೇವಿನೆಲೆ ಹಚ್ಚಿ ನಮ್ಮ ಕಾಲದಲ್ಲಿ ಎಲ್ಲರೂ ಬಿಡಿಸಿದ್ದೇ. ನನ್ನ ಮಗ ಮುಖ ಕಿವುಚಿ, ಸೆರಗಿನಲ್ಲಿ ಒರೆಸಿ, ಮತ್ತೆ ಕುಡಿದ.

ಧಾರವಾಡದಕ್ಕ

ಈ ಮಂದಿ ಮಾತಿನ ಬಗ್ಗೆ ನಾನೂ ಹೇಳಬೇಕು. "ತಮ್ಮ ಬೇಕೋ ತಂಗಿ ಬೇಕೋ?" ಅಂತ ಮಗುವಿನ ಬಾಯಿಂದ ಶಕುನ ಕೇಳೋದು ಒಂದು. ಮಗು ಬಗ್ಗಿ ಕಾಲ ಸಂದಿಯಿಂದ ಹಿಂದೆ ನೋಡಿದರೆ "ನೋಡ್ರಿ, ಮುಂದಿನ ಕೂಸಿನ್ನ ಕರಿಯಾಕ್ಹತ್ತದ" ಅನ್ನೋದು ಇನ್ನೊಂದು. ಇವೆರಡೂ ನಗುವ ಮಾತು, ಇರಲಿ. ಆದರೆ "ಕೂಸು ಬರ್ತದ, ಇನ್ನ ನಿನ್ನ ಯಾರೂ ಎತ್ಕೊಳ್ಳಂಗಿಲ್ಲ" ಅಂತ ಮಗುವನ್ನು ಕಾಡಿಸಿ ನಗ್ತಾರಲ್ಲ, ಅವರಿಗೆ ನಾನು ಮುಖಕ್ಕೇ ಹೇಳಿಬಿಟ್ಟೆ. ನನ್ನ ಮಗ ಎಂಟು ದಿನ ತೊಡೆ ಬಿಟ್ಟು ಇಳಿಯಲಿಲ್ಲ.

ನಾನು ಅತ್ತೆ ಮನೆಯಲ್ಲೇ ಇದ್ದೆ, ತವರಿಗೆ ಹೋಗಲಿಲ್ಲ. ನಮ್ಮ ತಾಯಿ ಅಂಟಿನುಂಡಿ ಡಬ್ಬಿ ತುಂಬಿ ಕಳಿಸಿದರು. ಉತ್ತತ್ತಿ, ಒಣಕೊಬ್ಬರಿ, ಬೆಲ್ಲ ಎಲ್ಲ ಹಾಕಿದ್ದು. ಅರ್ಧ ನಾನು ತಿಂದೆ, ಅರ್ಧ ಮಗ ಕದ್ದು ತಿಂದ. ನಮ್ಮ ಕಡೆ ಬಾಣಂತಿಗೆ ಕೆಂಡದ ಕಾವು ಕೊಡುವ ರೂಢಿ ಇದೆ. ಎರಡು ವರ್ಷದ ಮಗು ಓಡಾಡುವ ಮನೆಯಲ್ಲಿ ಅದು ಬೇಡವೇ ಬೇಡ ಅಂತ ಅತ್ತೆಗೆ ಮೊದಲೇ ಹೇಳಿದ್ದೆ. ಅವರೂ ಒಪ್ಪಿದರು. ಬಿಸಿನೀರಿನ ಚೀಲ ತಂದರು. ಹೊಗೆಯೂ ಇಲ್ಲ, ಹೆದರಿಕೆಯೂ ಇಲ್ಲ.

ಗುಂಡನ ಅಮ್ಮ, ನಿಮ್ಮ ರಾಣೆಬೆನ್ನೂರಿನ ಅತ್ತೆಯವರ ಬಗ್ಗೆ ಏನೂ ಬರೆದಿಲ್ಲ. ದೊಡ್ಡತ್ತೆ ಮಾತಾಡಿದರು ಅಂದಿರಿ. ಅತ್ತೆ ಏನಂತಾರೆ?

ಗುಂಡನ ಅಮ್ಮ

ಅತ್ತೆಯವರು ಏನೂ ಅಂದಿಲ್ಲ ಅಕ್ಕ. ಅವರನ್ನು ಯಾರೂ ಕೇಳಿಲ್ಲ. ಮೊದಲ ಸಲ ತವರು ಅಂತ ಆಯಿತು. ನಾಮಕರಣಕ್ಕೆ ಬಂದು ತೊಟ್ಟಿಲು ತೂಗಿ ಹೋದರು. ಗುಂಡ ಅಂದರೆ ಪ್ರಾಣ. ಅವರು ಬಂದಾಗ ಅವನು ನನ್ನ ಹತ್ತಿರ ಬರೋದೇ ಇಲ್ಲ. ಅಡುಗೆಮನೆ ಕಟ್ಟೆ ಮೇಲೆ ಕೂತು ರೊಟ್ಟಿ ಬಡಿಯೋದು ನೋಡುತ್ತಾನೆ.

ಧಾರವಾಡದಕ್ಕ

ಅಯ್ಯ, ಮತ್ತೇನು ಬೇಕು!

ಐಂಡ್‌ಹೋವನ್ ಕನ್ನಡತಿ

ನಾನು ನೆದರ್ಲೆಂಡ್ಸಿನಲ್ಲಿದ್ದೇನೆ. ತವರು, ಅತ್ತೆ ಮನೆ ಎರಡೂ ವಿಮಾನದ ದೂರ. ಆದರೆ ಇಲ್ಲಿ ಕ್ರಾಮ್‌ಜೋರ್ಗ್ ಅಂತ ಒಂದು ವ್ಯವಸ್ಥೆ ಇದೆ, ಅದನ್ನು ಹೇಳಬೇಕು ಅನ್ನಿಸಿತು. ಹೆರಿಗೆಯಾದ ಮೇಲೆ ಸುಮಾರು ಎಂಟು ಹತ್ತು ದಿನ, ದಿನಕ್ಕೆ ಕೆಲವು ಗಂಟೆ, ತರಬೇತಿ ಪಡೆದ ಒಬ್ಬರು ಮನೆಗೇ ಬರುತ್ತಾರೆ. ಆರೋಗ್ಯ ವಿಮೆಯಲ್ಲೇ ಬರುತ್ತೆ, ಗಂಟೆಗಿಷ್ಟು ಅಂತ ಸ್ವಲ್ಪ ನಾವು ಕೊಡಬೇಕು. ತಾಯಿಯ ಹೊಲಿಗೆ, ಮಗುವಿನ ತೂಕ, ಹಾಲು ಕುಡಿಸುವುದು ಎಲ್ಲ ನೋಡುತ್ತಾರೆ. ದೊಡ್ಡ ಮಗುವನ್ನು ನೋಡಿಕೊಳ್ಳೋಕೂ ಕೈ ಜೋಡಿಸುತ್ತಾರೆ, ನನಗೆ ಆಶ್ಚರ್ಯ ಆಗಿದ್ದು ಅದೇ. ನಮ್ಮ ಮನೆಗೆ ಬಂದವರು ಪಾಪುಗೆ ಸ್ನಾನ ಮಾಡಿಸುವಾಗ ಮಗಳ ಕೈಗೆ ಟವೆಲ್ ಕೊಟ್ಟು ನಿಲ್ಲಿಸುತ್ತಿದ್ದರು. ಅವಳದೂ ಒಂದು ಕೆಲಸ.

ಮಗು ನೋಡೋಕೆ ಬಂದವರಿಗೆ ಇಲ್ಲಿ ಗಟ್ಟಿ ರಸ್ಕಿನಂಥ ಬಿಸ್ಕತ್ತಿಗೆ ಬೆಣ್ಣೆ ಸವರಿ, ಸಕ್ಕರೆ ಲೇಪಿಸಿದ ಸೋಂಪು ಉದುರಿಸಿ ಕೊಡುತ್ತಾರೆ. ಉದುರಿಸೋದು ಮಗಳ ಪಾಲಿಗೆ ಬಂತು. ನೆಲದ ಮೇಲೇ ಜಾಸ್ತಿ.

ಗಂಡನಿಗೆ ಒಂದು ವಾರ ಪೂರ್ತಿ ಸಂಬಳದ ರಜೆ. ಆಮೇಲೆ ಐದು ವಾರ 70 ಶೇಕಡ ಸಂಬಳದಲ್ಲಿ ಸಿಗುತ್ತೆ. 2020ರಿಂದ ಹೀಗಿದೆ. ಅಮ್ಮನಿಗೆ ಸಿಕ್ಕಿದ್ದು 90 ದಿನದ ವೀಸಾ. ಹೆರಿಗೆಗೆ ಮುಂಚೆ ಜಾಸ್ತಿ ದಿನ ಕಳೆಯಬಾರದು ಅಂತ ಡ್ಯೂ ಡೇಟ್ ಹತ್ತಿರ ಕರೆಸಿಕೊಂಡೆವು. ಇಲ್ಲಿ ಅಮ್ಮನೇ ನಮ್ಮ ಮನೆಗೆ ಬಂದರು. ಮಗಳ ಹಾಸಿಗೆ, ಶಾಲೆ, ಅಪ್ಪ ಯಾವುದೂ ಬದಲಾಗಲಿಲ್ಲ. ನಿಮ್ಮಲ್ಲೂ ಹಾಗೇ ಮಾಡಬಹುದಲ್ಲ? ಅರಸೀಕೆರೆ, ರಾಣೆಬೆನ್ನೂರು ಎರಡೂ ಒಂದೇ ರೈಲು ದಾರಿಯಲ್ಲಿವೆ!

ಎರಡು ಜಡೆ

ಜನಶತಾಬ್ದಿ ಹತ್ತಿದರೆ ಇಬ್ಬರು ಬೀಗಿತ್ತಿಯರೂ ಒಂದೇ ಬೋಗಿಯಲ್ಲಿ ಬರಬಹುದು. ಬೆಂಗಳೂರು ಮುಟ್ಟುವ ಹೊತ್ತಿಗೆ ಮೆಂತ್ಯದ ಜಗಳ ಮುಗಿದಿರುತ್ತೆ.

ನೈಟ್ ಡ್ಯೂಟಿ ಅಪ್ಪ

ಇಲ್ಲ ಶುರುವಾಗಿರುತ್ತೆ.

ಲೇಬರ್ ವಾರ್ಡ್ ಸಿಸ್ಟರ್

ತಮಾಷೆ ನಡುವೆ ಒಂದು ಗಂಭೀರ ವಿಷಯ. ಎಲ್ಲ ಬಸುರಿಯರೂ ಓದಿ.

ಐರನ್ ಮಾತ್ರೆ ಎಲ್ಲಿಟ್ಟಿದ್ದೀರಿ? ಸರ್ಕಾರಿ ಮಾತ್ರೆ ಕೆಂಪಗೆ, ದುಂಡಗೆ, ಮೇಲೆ ಸಕ್ಕರೆ ಲೇಪ. ಎರಡು ವರ್ಷದ ಮಗುವಿನ ಕಣ್ಣಿಗೆ ಅದು ಜೆಮ್ಸ್. ದೊಡ್ಡವರಿಗೆ ದಿನಕ್ಕೆ ಒಂದು ಒಳ್ಳೆಯದು. ಪುಟ್ಟ ಮಗು ಕೈತುಂಬ ನುಂಗಿದರೆ ಜೀವಕ್ಕೇ ಅಪಾಯ. ಮೊದಲು ವಾಂತಿ ಆಗಿ ಆಮೇಲೆ ಸರಿಹೋದಂತೆ ಕಾಣಬಹುದು, ಅದನ್ನು ನಂಬಬೇಡಿ. ನುಂಗಿದ ಅನುಮಾನ ಬಂದರೂ ಸಾಕು, ಮಾತ್ರೆ ಪಟ್ಟಿ ಕೈಯಲ್ಲಿ ಹಿಡಿದು ತಕ್ಷಣ ಆಸ್ಪತ್ರೆಗೆ ಓಡಿ. ಮರೆಯಬಾರದು ಅಂತ ದಿಂಬಿನ ಪಕ್ಕ, ಟಿವಿ ಮೇಲೆ ಇಟ್ಟುಕೊಳ್ಳುತ್ತೀರಲ್ಲ, ಅದು ಬೇಡ. ಬೀರುವಿನ ಮೇಲಿನ ಅರೆ, ಬೀಗ. ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ.

ಅದನ್ನು ಕ್ಯಾಲ್ಸಿಯಂ ಜೊತೆ ಒಟ್ಟಿಗೆ ನುಂಗಬೇಡಿ, ಎರಡು ಗಂಟೆಯಾದರೂ ಅಂತರ ಇರಲಿ. ಕಾಫಿ ಟೀ ಜೊತೆಗೂ ಬೇಡ. ನಿಂಬೆ ಪಾನಕದ ಜೊತೆ ಒಳ್ಳೆಯದು.

ಬಾಣಂತಿ ಸ್ನಾನದ ಬಿಸಿನೀರೂ ಅಷ್ಟೇ. ಹಂಡೆಯಿಂದ ಬಕೆಟ್ಟಿಗೆ ಸುರಿದು, ಬೆರೆಸೋಕೆ ತಣ್ಣೀರು ತರೋಕೆ ಹೋಗುತ್ತಾರೆ. ಆ ಒಂದು ನಿಮಿಷದಲ್ಲಿ ಮಗು ಕೈ ಹಾಕುತ್ತೆ. ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಅಜ್ಜಿಯರಿಗೆ ಖಡಾಖಂಡಿತ ಹೇಳಿ.

ಗುಂಡನ ಅಮ್ಮ

ಈಗಷ್ಟೇ ಎದ್ದು ಹೋಗಿ ಫ್ರಿಜ್ ಮೇಲಿಂದ ಮಾತ್ರೆ ತೆಗೆದು ಬೀಗ ಹಾಕಿ ಬಂದೆ. ಕುರ್ಚಿ ಎಳೆದುಕೊಂಡು ಹತ್ತೋದು ಅವನಿಗೆ ಹೋದ ವಾರ ಬಂದಿದೆ.

ಇಂಜೆಕ್ಷನ್ ಬಗ್ಗೆಯೂ ಕೇಳಬೇಕಿತ್ತು. ಹೋದ ಸಲ ಟಿಟಿ ಥರದ್ದು ಎರಡು ಕೊಟ್ಟಿದ್ದರು. ಈ ಸಲ ಒಂದೇ ಸಾಕು ಅಂದರು. ಸರಿನಾ?

ಲೇಬರ್ ವಾರ್ಡ್ ಸಿಸ್ಟರ್

ಸರಿ. ಈಗ ಟಿಟಿ, ಅಂದರೆ ಧನುರ್ವಾಯು ಇಂಜೆಕ್ಷನ್ ಬದಲು ಗಂಟಲುಮಾರಿ ರಕ್ಷಣೆಯೂ ಇರುವ ಟಿಡಿ ಕೊಡುತ್ತಾರೆ. ಹೋದ ಬಸುರಿನಲ್ಲಿ ಎರಡು ಆಗಿ ಮೂರು ವರ್ಷದೊಳಗೆ ಮತ್ತೆ ಬಸುರಾದರೆ ಒಂದು ಬೂಸ್ಟರ್ ಸಾಕು. ನಾಯಿಕೆಮ್ಮಿನ ರಕ್ಷಣೆಯೂ ಇರುವ ಟಿಡ್ಯಾಪ್ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ, 27ರಿಂದ 36 ವಾರದ ನಡುವೆ ಕೊಡುತ್ತಾರೆ. ಗುಂಡ ಪ್ಲೇ ಹೋಮಿಗೆ ಹೋದರೆ ಕೆಮ್ಮು ನೆಗಡಿ ಮನೆಗೆ ತಂದೇ ತರುತ್ತಾನೆ, ಎಳೆ ಮಗುವಿಗೆ ಅದೇ ಹೆದರಿಕೆ. ಅವನ ಒಂದೂವರೆ ವರ್ಷದ ಲಸಿಕೆಗಳು, ಅಂದರೆ ಡಿಪಿಟಿ ಬೂಸ್ಟರ್, ಎಂಆರ್ (ದಡಾರ, ರುಬೆಲ್ಲಾ) ಎರಡನೇ ಡೋಸ್ ಆಗಿವೆಯಾ, ತಾಯಿ ಕಾರ್ಡಿನಲ್ಲಿ ನೋಡಿ. ನಿಮ್ಮ ರಕ್ತ ನೆಗೆಟಿವ್ ಗುಂಪು ಆಗಿದ್ದರೆ 28ನೇ ವಾರದ ಆಂಟಿ-ಡಿ ಇಂಜೆಕ್ಷನ್ ಮರೆಯಬೇಡಿ.

ಟೀಚರಮ್ಮ

ಪ್ಲೇ ಹೋಮ್ ವಿಷಯ ಯಾರೂ ಹೇಳಲಿಲ್ಲ. ಸೇರಿಸುವುದಾದರೆ ಜೂನ್ ಮೊದಲ ದಿನದಿಂದಲೇ ಸೇರಿಸಿ. ನಿಮಗೆ ಇನ್ನೂ ಒಂದು ತಿಂಗಳು ಇರುತ್ತೆ, ಅಷ್ಟರಲ್ಲಿ ಅಳು ನಿಲ್ಲುತ್ತೆ. ಜುಲೈನಲ್ಲಿ ಪಾಪು ಬಂದ ವಾರವೇ ಸೇರಿಸಿದರೆ ತನ್ನನ್ನು ಮನೆಯಿಂದ ಆಚೆ ಹಾಕಿದರು ಅಂತಲೇ ತಿಳಿಯುತ್ತಾನೆ. ಡೈಪರ್ ಬಿಡಿಸುವುದು, ಬೇರೆ ಹಾಸಿಗೆ ಇವೂ ಹಾಗೇ. ಮೇ ಒಳಗೆ ಆದರೆ ಸರಿ. ಇಲ್ಲದಿದ್ದರೆ ದಸರಾ ಕಳೆಯಲಿ. ಕಲಿತಿದ್ದನ್ನೂ ಮರೆತು ಮತ್ತೆ ಚಡ್ಡಿಯಲ್ಲೇ ಮಾಡಿಕೊಂಡರೆ ಬೈಯಬೇಡಿ, ಸುಮ್ನೆ ಬದಲಾಯಿಸಿ.

ಇನ್ನೊಂದು, ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಇದೆ. 2017ರಲ್ಲಿ ರಾಜ್ಯದ ಎಲ್ಲ ಕಡೆ ಶುರುವಾಯಿತು. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ. ತವರಲ್ಲಿ ಇರುವವರು ಅಲ್ಲಿಯ ಅಂಗನವಾಡಿಯಲ್ಲಿ ಕೇಳಿ ನೋಡಿ. ಕೇಂದ್ರದ ಮಾತೃ ವಂದನಾ ಯೋಜನೆಯಲ್ಲಿ ಎರಡನೇ ಮಗು ಹೆಣ್ಣಾದರೆ 6,000 ರೂಪಾಯಿ ಬರುತ್ತೆ. ಆದಾಯ, ಕಾರ್ಡು ಅಂತ ಷರತ್ತು ಇವೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಅರ್ಜಿ ಅವರೇ ಹೇಳಿಕೊಡುತ್ತಾರೆ.

ಎರಡು ಜಡೆ

ಆ ಆರು ಸಾವಿರದ ಸುದ್ದಿ ನಮ್ಮ ಚಿಕ್ಕಮ್ಮನಿಗೆ ಹೇಳಬೇಕು. ಎರಡನೇದೂ ಹೆಣ್ಣು ಅಂದ ಕೂಡಲೇ ಫೋನಿನಲ್ಲಿ ನಿಟ್ಟುಸಿರು ಬಿಟ್ಟಿದ್ದರು.

ಗುಂಡನ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ.

ಅಜ್ಜಿ ಹೇಳಿದ ಹಾಗೆ ಅಮ್ಮನನ್ನು ಒಬ್ಬಳೇ ಸಿಕ್ಕಾಗ ಕೇಳಿದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಪಾಪು ನಾನ್ ನೋಡ್ಕೋತೀನಿ, ಅವನ ಹಿಂದೆ ಓಡಕ್ ನಂಗಾಗಲ್ಲ ಕಣೇ, ಹೇಳಿದ್ರೆ ನೀನು ಬೇಜಾರ್ ಮಾಡ್ಕೋತೀಯ ಅಂತ ಸುಮ್ನಿದ್ದೆ" ಅಂದಳು. ಅತ್ತೆಯವರಿಗೆ ನಾನೇ ಫೋನ್ ಮಾಡಿದೆ, ಗಂಡನ ಕೈಲಿ ಹೇಳಿಸಲಿಲ್ಲ. ಪ್ರಶ್ನೆ ಮುಗಿಯುವ ಮೊದಲೇ "ಯಾವಾಗ ಬರಬೇಕವ್ವಾ?" ಅಂದರು.

ಹೆರಿಗೆ ಬೆಂಗಳೂರಲ್ಲೇ, ಬಾಣಂತನ ನಮ್ಮ ಮನೆಯಲ್ಲೇ. ಅತ್ತೆ ಜೂನ್ ಮಧ್ಯದಲ್ಲಿ ಬರುತ್ತಾರೆ, ಗುಂಡ ಅವರ ಪಾಲು. ಅಮ್ಮ ಹೆರಿಗೆ ಹೊತ್ತಿಗೆ ಬಂದು ಒಂದು ತಿಂಗಳು ಇರುತ್ತಾಳೆ, ಪಾಪು ಅವಳ ಪಾಲು. ಎರಡು ಕೋಣೆಯ ಮನೆಯಲ್ಲಿ ಇಷ್ಟು ಜನ ಹೇಗೆ ಮಲಗೋದು ಅಂತ ಇನ್ನೂ ಲೆಕ್ಕ ಹಾಕುತ್ತಿದ್ದೇವೆ. ಅಮ್ಮನಿಗೆ ಮಹಡಿ ಹತ್ತೋದೂ ಕಷ್ಟವೇ. ಒಮ್ಮೆ ಹತ್ತಿದರೆ ಇಳಿಯಲ್ಲ ಅಂದಿದ್ದಾಳೆ. ದೊಡ್ಡತ್ತೆಗೆ ಸಮಾಧಾನ ಇಲ್ಲ, ತವರೂ ಅಲ್ಲ ಗಂಡನ ಮನೆಯೂ ಅಲ್ಲ ಅಂತ.

ಮಲಗಿಸುವ ಕೆಲಸ ಅಪ್ಪನಿಗೆ ಹೋಗಿದೆ. ನಾಲ್ಕು ರಾತ್ರಿ ಮನೆ ರಣರಂಗ. ಈಗ ಅಪ್ಪನ ಎಡಗಿವಿ ನಡೆಯುತ್ತೆ, ಆದರೆ ನಡುರಾತ್ರಿ ಎದ್ದರೆ ನಾನೇ ಬೇಕು. ಅರ್ಧ ಗೆಲುವು.

ಒಂದೇ ಒಂದು ಬಾಕಿ. ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕುವವರು ನಾಗರಬಾವಿ ಕಡೆ ಯಾರಾದರೂ ಗೊತ್ತಾ? ಅಮ್ಮನಿಗೆ ಕೆಳಗೆ ಕೂತು ಕಾಲು ಚಾಚಿ ಮಗುವನ್ನು ಹಾಕಿಕೊಳ್ಳೋಕೆ ಮಂಡಿ ಬಿಡಲ್ಲ.

ನೈಟ್ ಡ್ಯೂಟಿ ಅಪ್ಪ

ನಡುರಾತ್ರಿಯದೂ ಬರುತ್ತೆ, ಬಿಡಬೇಡಿ. ಅವನು ಎದ್ದಾಗ ನಿಮ್ಮವರೇ ಮೊದಲು ಏಳಬೇಕು, ಅಷ್ಟೇ. ಗಂಡಸರಿಗೆ ಕೇಳಿಸಲ್ಲ ಅನ್ನೋದು ಸುಳ್ಳು. ಕೇಳಿಸುತ್ತೆ.

ಎರಡು ಜಡೆ

ನೀರು ಹಾಕುವವರು ನನಗೆ ಗೊತ್ತು, ಚಂದ್ರಾ ಲೇಔಟ್ ಕಡೆಯವರು. ನಂಬರ್ ನಿಮ್ಮ ಇನ್‌ಬಾಕ್ಸಿಗೆ ಹಾಕಿದ್ದೇನೆ. ಈಗಲೇ ಹೇಳಿಡಿ, ಜುಲೈಗೆ ಸಿಗೋದು ಕಷ್ಟ. ಬೆಳಿಗ್ಗೆ ಮನೆಮನೆ ಸುತ್ತುತ್ತಾರೆ, ಮಧ್ಯಾಹ್ನ ಮೂರರ ಮೇಲೆ ಫೋನ್ ಮಾಡಿ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಬೇಡ ಅಂತ ಮೊದಲ ದಿನವೇ ಹೇಳಿ. ಸ್ವಲ್ಪ ಗೊಣಗುತ್ತಾರೆ, ಆದರೆ ಕೇಳುತ್ತಾರೆ.